ಮತ ನಿಮ್ಮದು, ಹೆದರಿಕೆ ಏಕೆ?



ಚುನಾವಣೆ ಬಂದೊಡನೆ ನಿಮ್ಮ ವಠಾರಕ್ಕೆ, ಕಾರ್ಖಾನೆಯ ಗೇಟಿಗೆ ಕೆಲವರು ಬರುತ್ತಾರೆ. ಕೈಮುಗಿದು ಮತ ಕೇಳಿದರೆ ಅದು ಅವರ ಹಕ್ಕು. "ನಮಗೆ ಹಾಕದಿದ್ದರೆ ಮನೆ ಖಾಲಿ ಮಾಡಿ", "ನಾಳೆಯಿಂದ ಕೆಲಸಕ್ಕೆ ಬರಬೇಡ" ಎಂದರೆ? ಅದು ಪ್ರಚಾರವಲ್ಲ, ಅಪರಾಧ!

1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123(2)ನೇ ಕಲಂ ಇದನ್ನು 'ಅನುಚಿತ ಪ್ರಭಾವ' ಎನ್ನುತ್ತದೆ. ಜಾತಿಯಿಂದ ಹೊರಗಿಡುತ್ತೇವೆ ಎಂಬ ಬೆದರಿಕೆಯೂ, ದೇವರ ಕೋಪಕ್ಕೆ ಗುರಿಯಾಗುತ್ತೀಯೆ ಎಂಬ ಬೆದರಿಕೆಯೂ ಅದರಲ್ಲಿ ಸೇರಿವೆ. ಸೀರೆ, ಕುಕ್ಕರು ಕೊಟ್ಟು ದೇವರ ಪಟದ ಮುಂದೆ ಆಣೆ ಹಾಕಿಸಿ ಹೆದರಿಸುವವರು ಇದನ್ನು ತಿಳಿದಿರಲಿ. ಗೆದ್ದವನೇ ಹೀಗೆ ಮಾಡಿದ್ದು ರುಜುವಾತಾದರೆ ಹೈಕೋರ್ಟು ಆಯ್ಕೆಯನ್ನೇ ರದ್ದು ಮಾಡುತ್ತದೆ. ಆರು ವರ್ಷದವರೆಗೆ ಅವನನ್ನು ಚುನಾವಣೆಯಿಂದ ದೂರವಿಡಲೂ ಅವಕಾಶವಿದೆ. ಫಲಿತಾಂಶ ಬಂದ 45 ದಿನದೊಳಗೆ ಆ ಕ್ಷೇತ್ರದ ಯಾವ ಮತದಾರನೂ ತಕರಾರು ಅರ್ಜಿ ಹಾಕಬಹುದು.

ಕಾನೂನಿದೆ, ಹಲ್ಲು ಮೊಂಡು. 1920ರಲ್ಲಿ ಬ್ರಿಟಿಷರು ದಂಡ ಸಂಹಿತೆಗೆ ಈ ಅಪರಾಧವನ್ನು ಸೇರಿಸಿದಾಗ ಗರಿಷ್ಠ ಶಿಕ್ಷೆ ಒಂದು ವರ್ಷ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 174ನೇ ಕಲಮಿನಲ್ಲೂ ಅದೇ ಒಂದು ವರ್ಷ, ಇಲ್ಲವೇ ಬರೀ ದಂಡ. ಪುಂಡರು ಬೆಳೆದರು, ಶಿಕ್ಷೆ ಬೆಳೆಯಲಿಲ್ಲ!

ನಮ್ಮ ಬೆಂಗಳೂರನ್ನೇ ನೋಡಿ. 2018ರ ಮೇ ತಿಂಗಳಲ್ಲಿ ಜಾಲಹಳ್ಳಿಯ ಒಂದು ಫ್ಲಾಟಿನಲ್ಲಿ 9,746 ಮತದಾರರ ಗುರುತಿನ ಚೀಟಿಗಳು ಸಿಕ್ಕವು. ರಾಜರಾಜೇಶ್ವರಿನಗರದ ಮತದಾನ 12ರಿಂದ 28ಕ್ಕೆ ಮುಂದೆ ಹೋಯಿತು. ಚೀಟಿ ಇನ್ನೊಬ್ಬನ ಕೈ ಸೇರಿದರೆ ಬಡವನ ಮತಕ್ಕೆ ಬೀಗ ಬಿದ್ದಂತೆಯೇ.

"ಯಾರಿಗೆ ಹಾಕಿದೆ ಅಂತ ನಮಗೆ ಗೊತ್ತಾಗುತ್ತೆ" ಎಂಬುದು ಇನ್ನೊಂದು ಗುಮ್ಮ. ಒಬ್ಬೊಬ್ಬರ ಮತ ಗೊತ್ತಾಗುವುದಿಲ್ಲ. ಅದೇ ಕಾಯ್ದೆಯ 94ನೇ ಕಲಮಿನಂತೆ ನ್ಯಾಯಾಲಯವೂ ನಿಮ್ಮನ್ನು ಹಾಗೆ ಕೇಳುವಂತಿಲ್ಲ. ಆದರೆ ಮತಯಂತ್ರ ಎಣಿಸುವಾಗ ಪ್ರತಿ ಮತಗಟ್ಟೆಯ ಲೆಕ್ಕ ಬೇರೆಬೇರೆಯಾಗಿ ಹೊರಬೀಳುತ್ತದೆ. ನಮಗೆ ಹಾಕದ ಬೀದಿ ಯಾವುದೆಂದು ಗೆದ್ದವನಿಗೆ ತಿಳಿಯುತ್ತದೆ. ಆಮೇಲೆ ಆ ಬೀದಿಗೆ ನೀರು ಬಾರದಿದ್ದರೆ? ಹಲವು ಯಂತ್ರಗಳ ಮತ ಒಟ್ಟಿಗೆ ಕೂಡಿಸುವ 'ಟೋಟಲೈಸರ್' ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತು. 2015ರಲ್ಲಿ ಕಾನೂನು ಆಯೋಗವೂ ಶಿಫಾರಸು ಮಾಡಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಬೀದಿ ಬೀದಿಯ ಲೆಕ್ಕ ಯಾರಿಗೆ ಬೇಕು, ನೀವೇ ಯೋಚಿಸಿ.

ಮಿತ್ರರೇ, ನೀವು ಓದಿದವರು. ನಿಮ್ಮ ಬೀದಿಯ ಗಾರ್ಮೆಂಟ್ಸ್ ಅಕ್ಕನಿಗೆ, ಗಾರೆ ಕೆಲಸದ ಅಣ್ಣನಿಗೆ ಇಷ್ಟನ್ನು ಅಚ್ಚಗನ್ನಡದಲ್ಲಿ ಹೇಳಿ: ಗುರುತಿನ ಚೀಟಿ ಯಾರಿಗೂ ಕೊಡಬೇಡಿ. ಕಿತ್ತುಕೊಂಡಿದ್ದರೆ, ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಆಯೋಗ ಒಪ್ಪಿದ ಬೇರೆ ಗುರುತಿನ ದಾಖಲೆ ತೋರಿಸಿಯೂ ಮತ ಹಾಕಬಹುದು. ಹೆದರಿಸಿ ಹಾಕಿಸಿದ ಆಣೆಗೆ ಕಟ್ಟುಬೀಳಬೇಕಿಲ್ಲ. ಬೆದರಿಸಿದವನ ಮೇಲೆ ದೂರು ಕೊಡಿ. ಒಬ್ಬರೇ ಹೋಗಲು ಅಂಜಿದರೆ ಹತ್ತು ಜನ ಕೂಡಿ ಹೋಗಿ.

ಹೆದರಿ ಹಾಕಿದ ಮತ ನಮ್ಮದಲ್ಲ, ಹೆದರಿಸಿದವನದು. ಅದನ್ನು ಬಿಟ್ಟುಕೊಡಬೇಡಿ!