ಹಸಿವು ಹೇಳಿಸಿದ ‘ಹೂಂ’ ಒಪ್ಪಿಗೆಯಲ್ಲ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟುಗಳ ಮನೆಗೆಲಸಕ್ಕೆ ರಾಗಿಗುಡ್ಡದಂಥ ಕೊಳಗೇರಿಗಳಿಂದ ದಿನಾ ಬೆಳಿಗ್ಗೆ ಹೆಂಗಸರು ಹೊರಡುತ್ತಾರೆ. ಕಸ ಗುಡಿಸಿ, ಪಾತ್ರೆ ತಿಕ್ಕಿ, ಬಟ್ಟೆ ಒಗೆದು ಸಂಜೆ ತಮ್ಮ ಗೂಡು ಸೇರುತ್ತಾರೆ. ಅವರ ಕಷ್ಟ ಸಣ್ಣದಲ್ಲ. ಆದರೂ ಅವರಿಗೊಂದು ಬೀದಿ ಇದೆ, ಅಕ್ಕಪಕ್ಕದವರಿದ್ದಾರೆ, ಸಂಘ ಇದೆ. ಬೀದಿಗಿಳಿದು ಸಂಬಳ ಕೇಳಿದ್ದಾರೆ. 2004ರಲ್ಲಿ ಕರ್ನಾಟಕ ಸರ್ಕಾರ ಮನೆಗೆಲಸಕ್ಕೂ ಕನಿಷ್ಠ ಕೂಲಿ ಗೊತ್ತುಮಾಡಿತು.

ನಾವಿಲ್ಲಿ ಹೇಳಬೇಕಾದದ್ದು ಸಂಜೆ ಮನೆಗೆ ಹೋಗದವಳ ವಿಷಯ. ಅಡುಗೆಮನೆಯಲ್ಲೇ ಚಾಪೆ ಹಾಸಿ ಮಲಗುವವಳು. ವಯಸ್ಸು ಹನ್ನೆರಡೋ ಹದಿಮೂರೋ. ಕೇಳಿದರೆ ಹದಿನೆಂಟು ಅನ್ನಬೇಕು ಅಂತ ಪಾಠ ಹೇಳಿಸಿಕೊಂಡವಳು.

ಇವಳು ಬಂದದ್ದು ಹೇಗೆ? ಅವಳನ್ನು ಯಾರೂ ಮೂಟೆ ಕಟ್ಟಿ ಹೊತ್ತು ತರಲಿಲ್ಲ. ಯಾದಗಿರಿ, ರಾಯಚೂರು, ಕಲಬುರಗಿ ಸೀಮೆಯ ಕೇರಿಗೆ, ಇಲ್ಲವೇ ದೂರದ ಜಾರ್ಖಂಡ್, ಒಡಿಶಾದ ಆದಿವಾಸಿ ಹಾಡಿಗೆ ಏಜೆಂಟ್ ಹೋಗುತ್ತಾನೆ. ಎಷ್ಟೋ ಸಲ ಅವನು ಪರಿಚಯದವನೇ, ದೂರದ ನೆಂಟನೇ. ಮಳೆ ಕೈಕೊಟ್ಟ ವರ್ಷ, ಮದುವೆ ಸಾಲ ಕುತ್ತಿಗೆಗೆ ಬಂದ ವರ್ಷ ನೋಡಿಯೇ ಬರುತ್ತಾನೆ. ಅಪ್ಪನ ಕೈಗೆ ಮುಂಗಡ ಇಡುತ್ತಾನೆ. ‘ಹೋಗ್ಲಿ ಬಿಡು, ಹೊಟ್ಟಿಗಾದ್ರ ಉಣ್ತಾಳ’ ಅನ್ನುತ್ತಾಳೆ ತಾಯಿ. ಮುಂಗಡ ತೀರುವ ತನಕ ಸಂಬಳದ ಮಾತಿಲ್ಲ. ಆ ಲೆಕ್ಕ ಬರೆಯುವವನು ಅವನೇ ಆದ್ದರಿಂದ ಮುಂಗಡ ತೀರುವುದೂ ಇಲ್ಲ. ಇದಕ್ಕೆ ನಮ್ಮ ಅಜ್ಜಂದಿರ ಕಾಲದಲ್ಲಿ ಜೀತ ಅಂತಿದ್ದರು. ಈಗ ‘ಹೆಲ್ಪ್‌ಗೆ ಒಂದು ಹುಡುಗಿ’ ಅನ್ನುತ್ತಾರೆ.

ಒಡೆಯರನ್ನು ಕೇಳಿ ನೋಡಿ, ಮೂರು ಮಾತು ಸಿದ್ಧವಾಗಿರುತ್ತವೆ. ‘ಅವಳೇ ಇಷ್ಟಪಟ್ಟು ಬಂದಿದ್ದು.’ ‘ನಮ್ಮ ಮಗಳ ಥರಾನೇ ನೋಡ್ಕೋತೀವಿ.’ ‘ಊರಲ್ಲಿದ್ರೆ ಉಪವಾಸ ಬೀಳ್ತಿದ್ಲು.’ ಮಗಳ ಥರ ಅಂದರೆ ಯಾವ ಥರ ಸ್ವಾಮಿ? ನಿಮ್ಮ ಮಗಳು ಟ್ಯೂಷನ್ನಿಗೆ ಹೋಗುವಾಗ ಅವಳ ಬ್ಯಾಗು ಹೊರುವ ಇವಳ ಹೆಸರು ಯಾವ ಶಾಲೆಯ ಹಾಜರಿ ಪುಸ್ತಕದಲ್ಲಿದೆ? ಊರಲ್ಲಿ ಉಪವಾಸವಿತ್ತು, ನಿಜ. ಆ ಉಪವಾಸವನ್ನೇ ಬಂಡವಾಳ ಮಾಡಿಕೊಂಡವನಿಗೆ ನೀವು ಕಮಿಷನ್ ಕೊಟ್ಟಿರಿ.

‘ಇಷ್ಟಪಟ್ಟು ಬಂದಳು’ ಅನ್ನುವ ಮಾತನ್ನು ಕಾನೂನು ಕೂಡ ಒಪ್ಪುವುದಿಲ್ಲ. ಬಾಬಾಸಾಹೇಬರ ಮುಂದಾಳತ್ವದಲ್ಲಿ ರೂಪುಗೊಂಡ ಸಂವಿಧಾನದ 23ನೇ ವಿಧಿ ಮನುಷ್ಯರ ಮಾರಾಟವನ್ನೂ ಬಿಟ್ಟಿ ಚಾಕರಿಯನ್ನೂ ನಿಷೇಧಿಸಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ, ಶೋಷಣೆಗಾಗಿ ಸಾಗಿಸಿದಾಗ ಬಲಿಪಶುವಿನ ಒಪ್ಪಿಗೆ ಲೆಕ್ಕಕ್ಕಿಲ್ಲ ಎನ್ನುತ್ತದೆ. ಹೆತ್ತವರಿಗೆ ಹಣ ಕೊಟ್ಟು ಒಪ್ಪಿಸುವುದೂ ಅದೇ ಅಪರಾಧದೊಳಗೆ ಬರುತ್ತದೆ. ಸಾಗಿಸಿದ್ದು ಮಗುವನ್ನಾದರೆ ಶಿಕ್ಷೆ ಕನಿಷ್ಠ 10 ವರ್ಷದಿಂದ ಜೀವಾವಧಿಯ ತನಕ. ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದಲೇ ನಿಷಿದ್ಧ. 2016ರ ತಿದ್ದುಪಡಿ 14 ತುಂಬದವರ ದುಡಿಮೆಯನ್ನು ಎಲ್ಲ ಕಸುಬುಗಳಲ್ಲೂ ನಿಷೇಧಿಸಿತು, ಮನೆಯವರದೇ ಕಸುಬಿನಂಥ ಕೆಲವು ವಿನಾಯಿತಿ ಬಿಟ್ಟು. 18ರೊಳಗಿನವರನ್ನು ಕಟ್ಟಿಹಾಕಿ ದುಡಿಸಿದರೆ, ಸಂಬಳ ತಡೆಹಿಡಿದರೆ 2015ರ ಬಾಲನ್ಯಾಯ ಕಾಯ್ದೆಯ 79ನೇ ಕಲಂ ಇದೆ. ಇಷ್ಟೆಲ್ಲ ಇದ್ದೂ ಯಾಕೆ ನಡೆಯುತ್ತಿದೆ? ಕಾರ್ಖಾನೆಗಾದರೆ ಇನ್‌ಸ್ಪೆಕ್ಟರ್ ಹೋದಾನು. ಮರ್ಯಾದಸ್ಥರ ಅಡುಗೆಮನೆಗೆ ಹೋಗುವವರು ಯಾರು?

ಮುಚ್ಚಿದ ಬಾಗಿಲ ಹಿಂದಿನ ಈ ಸಂಕಟವನ್ನು ಬೀದಿಯ ಪ್ರಶ್ನೆಯಾಗಿ ಮಾಡಿದವರು ಫಿಲಿಪೈನ್ಸ್ ಜನ. ಆ ದೇಶ ತನ್ನ ಹೆಣ್ಣುಮಕ್ಕಳನ್ನು ಗಲ್ಫಿಗೆ, ಹಾಂಗ್‌ಕಾಂಗಿಗೆ, ಸಿಂಗಪುರಕ್ಕೆ ಮನೆಗೆಲಸಕ್ಕೆ ಕಳಿಸಿ, ಅವರು ಕಳಿಸುವ ಹಣದಿಂದ ಖಜಾನೆ ತುಂಬಿಕೊಂಡಿತು. 1988ರಲ್ಲಿ ಅಲ್ಲಿನ ಅಧ್ಯಕ್ಷೆ ಅಕಿನೊ ಅವರನ್ನು ಹೊಸ ಕಾಲದ ವೀರರೆಂದು ಹೊಗಳಿದರು. ನಮ್ಮಲ್ಲಿ ‘ಮಗಳ ಥರ’, ಅಲ್ಲಿ ‘ವೀರರು’. 1995ರ ಮಾರ್ಚ್‌ನಲ್ಲಿ ಫ್ಲೋರ್ ಕಾಂಟೆಂಪ್ಲಾಸಿಯೊನ್ ಎಂಬ ಮನೆಗೆಲಸದಾಕೆಯನ್ನು ಕೊಲೆ ಆರೋಪದ ಮೇಲೆ ಸಿಂಗಪುರ ಗಲ್ಲಿಗೇರಿಸಿದಾಗ ಜನ ರೊಚ್ಚಿಗೆದ್ದರು. ನಮ್ಮ ಹೆಣ್ಣುಮಗಳ ಪರ ಸರ್ಕಾರ ಏನು ಮಾಡಿತು ಎಂದು ಬೀದಿ ತುಂಬಿದರು. ವಲಸೆ ದುಡಿಮೆಗಾರರ ರಕ್ಷಣೆಯ ಕಾನೂನು ಅದೇ ವರ್ಷ ಬಂತು. 2011ರಲ್ಲಿ ಜಿನೀವಾದಲ್ಲಿ ಮನೆಗೆಲಸದವರ ಹಕ್ಕಿನ ಒಪ್ಪಂದವಾದಾಗ ಫಿಲಿಪೈನ್ಸ್ ಮರುವರ್ಷವೇ ಅದಕ್ಕೆ ಬದ್ಧವಾಯಿತು. 2013ರಲ್ಲಿ ತನ್ನ ನೆಲದ ಮನೆಗೆಲಸದವರಿಗೂ ಕಾನೂನು ಮಾಡಿತು: ಬರಹದ ಕರಾರು, ವಾರಕ್ಕೊಂದು ಪೂರ್ತಿ ದಿನ ರಜೆ, ಏಜೆನ್ಸಿಯ ಖರ್ಚು ದುಡಿಯುವವಳ ತಲೆಗೆ ಕಟ್ಟುವಂತಿಲ್ಲ. ಇದರಿಂದ ಅಲ್ಲಿ ಎಲ್ಲ ಸರಿಹೋಗಿಲ್ಲ. 2018ರಲ್ಲಿ ಕುವೈತಿನ ಒಂದು ಮನೆಯ ಫ್ರೀಜರಿನಲ್ಲಿ ಫಿಲಿಪಿನೊ ಹೆಣ್ಣುಮಗಳ ಹೆಣ ಸಿಕ್ಕಿತು. ಆಗ ಆ ಸರ್ಕಾರ ಕುವೈತಿಗೆ ಕೆಲಸಗಾರರನ್ನು ಕಳಿಸುವುದನ್ನೇ ನಿಲ್ಲಿಸಿತು. ಒಡೆಯರು ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳಬಾರದೆಂಬ ಕರಾರಾದ ಮೇಲೆಯೇ ನಿಷೇಧ ತೆಗೆಯಿತು. ಜಿನೀವಾದಲ್ಲಿ ಕೈಯೆತ್ತಿದ ಭಾರತ ಸರ್ಕಾರ ಮಾತ್ರ ಆ ಒಪ್ಪಂದಕ್ಕೆ ಇನ್ನೂ ಬದ್ಧವಾಗಿಲ್ಲ.

ನಮ್ಮ ನಾಡಿನ ಪಾಠವೂ ಇದೆ. ಸವದತ್ತಿ ಸೀಮೆಯಿಂದ ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿದ ನಮ್ಮ ಹೆಣ್ಣುಮಕ್ಕಳನ್ನು ಮುಂಬೈಗೆ ಸಾಗಿಸಿದವರು ‘ದೇವರ ಇಚ್ಛೆ’ ಅನ್ನುತ್ತಿದ್ದರು. 1936ರ ಜೂನ್ 16ರಂದು ಮುಂಬೈಯ ದಾಮೋದರ ಹಾಲ್‌ನಲ್ಲಿ ಬಾಬಾಸಾಹೇಬರು ಆ ತಾಯಂದಿರ ಎದುರು ನಿಂತೇ ಮಾತಾಡಿದರು. 1934ರಲ್ಲಿ ಮುಂಬೈ ಪ್ರಾಂತ್ಯದ ಕಾನೂನು, 1982ರಲ್ಲಿ ಕರ್ನಾಟಕದ ಕಾನೂನು ಬಂದವು. ಆದರೆ ಆ ಕಾಗದಕ್ಕೆ ಜೀವ ಬಂದದ್ದು ಬೆಳಗಾವಿ ಜಿಲ್ಲೆಯಲ್ಲಿ ಮಾಜಿ ದೇವದಾಸಿಯರೇ 1997ರಲ್ಲಿ ಸಂಸ್ಥೆ ಕಟ್ಟಿಕೊಂಡು ಮನೆಮನೆಗೆ ಹೋಗಿ ತಡೆದಾಗ. ಅಂದು ‘ದೇವರ ಇಚ್ಛೆ’, ಇಂದು ‘ಹುಡುಗಿಯ ಇಷ್ಟ’. ಮಾತು ಬದಲಾಯಿತು, ಹೊರಡುವ ಕೇರಿ ಅದೇ.

ಹಾಸ್ಟೆಲಿನ ಗೆಳೆಯರೆ, ಗೆಳತಿಯರೆ, ಈ ದಾರಿಯ ಎರಡೂ ತುದಿ ಬಲ್ಲವರು ನೀವು. ಹೊರಡುವ ಕೇರಿ ನಿಮ್ಮದು, ಸೇರುವ ಬಡಾವಣೆಯಲ್ಲಿ ನೀವು ಓದುತ್ತೀರಿ. ಏಜೆಂಟ್ ನಂಬಿರುವುದು ಈ ಎರಡು ತುದಿ ಒಂದನ್ನೊಂದು ಮಾತಾಡಿಸುವುದಿಲ್ಲ ಎಂದು.

ರಜೆಗೆ ಊರಿಗೆ ಹೋದಾಗ ಏಳನೇ ಕ್ಲಾಸು ಬಿಟ್ಟ ಹುಡುಗಿಯರು ಎಲ್ಲಿದ್ದಾರೆ ಅಂತ ಕೇಳಿ. ‘ಬೆಂಗ್ಳೂರಾಗ ಅದಾಳ’ ಅಂದರೆ ಸುಮ್ಮನಾಗಬೇಡಿ. ಯಾರ ಮನೆ, ಯಾರು ಕರಕೊಂಡು ಹೋದರು, ಕಡೇ ಸಲ ಫೋನು ಮಾಡಿದ್ದು ಯಾವಾಗ? ಇಲ್ಲಿ ಫೀಸಿಗಾಗಿ ಸಂಜೆ ಡೆಲಿವರಿ ಮಾಡುವವರು, ಟ್ಯೂಷನ್ ಹೇಳುವವರು ಇದ್ದೀರಿ. ಬಾಗಿಲು ತೆರೆಯುವ ಮಗುವನ್ನು ಕಣ್ಣೆತ್ತಿ ನೋಡಿ. ಅನುಮಾನ ಬಂದರೆ 1098ಕ್ಕೆ ಫೋನು ಮಾಡಿ, ದುಡ್ಡಾಗುವುದಿಲ್ಲ. ಗೇಟಿನ ಮುಂದೆ ಗಲಾಟೆ ಮಾಡಬೇಡಿ, ಫೋಟೊ ಹಂಚಬೇಡಿ. ನಿಮ್ಮ ವೀರಾವೇಶಕ್ಕೆ ಆ ರಾತ್ರಿ ಏಟು ತಿನ್ನುವವಳು ಅವಳು, ಬೆಳಗಾಗುವಷ್ಟರಲ್ಲಿ ಬೇರೆ ಮನೆ ಸೇರುವವಳೂ ಅವಳೇ.

ಬಿಡಿಸಿದ ಮೇಲೆ ಬಸ್ಸು ಹತ್ತಿಸಿ ಕೈತೊಳೆದುಕೊಂಡರೆ ಮುಂದಿನ ತಿಂಗಳೇ ಏಜೆಂಟ್ ಮತ್ತೆ ಬರುತ್ತಾನೆ, ಸಾಲ ಹಾಗೇ ಇರುತ್ತದಲ್ಲ. ಮುಂಗಡಕ್ಕೆ ದುಡಿಸಿಕೊಂಡಿದ್ದರೆ 1976ರ ಜೀತ ನಿರ್ಮೂಲನ ಕಾಯ್ದೆಯಡಿ ಬಿಡುಗಡೆ ಪತ್ರ ಕೇಳಬೇಕು. ಆ ಪತ್ರದಿಂದ ಪರಿಹಾರವೂ ಬರುತ್ತದೆ, ಜೀತದ ಸಾಲವೂ ಕಾನೂನಿನ ಕಣ್ಣಲ್ಲಿ ಸತ್ತುಹೋಗುತ್ತದೆ. ಕಸ್ತೂರ್ಬಾ ವಿದ್ಯಾಲಯವೋ ಮೊರಾರ್ಜಿ ಶಾಲೆಯೋ, ಅವಳಿಗೊಂದು ಸೀಟು ಸಿಗುವ ತನಕ ಕಚೇರಿಗೆ ಅಲೆಯಬೇಕು. ಅದು ನಮ್ಮ ಕೆಲಸ.

ಕಡೆಯ ಮಾತು ಕಹಿಯಾದದ್ದು. ಒಂದೇ ಗುಡಿಸಲಿನಿಂದ ಅಣ್ಣ ಟ್ರಂಕು ಹಿಡಿದು ಹಾಸ್ಟೆಲಿಗೆ ಬರುತ್ತಾನೆ, ತಂಗಿ ಬಟ್ಟೆ ಗಂಟು ಹಿಡಿದು ಯಾರದೋ ಅಡುಗೆಮನೆಗೆ ಹೋಗುತ್ತಾಳೆ. ಆ ಟ್ರಂಕು ಯಾರ ಮುಂಗಡದ ದುಡ್ಡಲ್ಲಿ ಬಂತು ಅಂತ ಪ್ರತಿ ಹಾಸ್ಟೆಲಿನಲ್ಲೂ ಒಂದು ಸಂಜೆ ಕೂತು ಕೇಳಿಕೊಳ್ಳೋಣ. ಉತ್ತರ ಬಂದ ಕಡೆಯಿಂದಲೇ ಕೆಲಸ ಶುರುವಾಗಲಿ.