ಒಡೆಯದ ಗೋಲಕ, ಬೆದರಿಸದ ದೈತ್ಯ

ಸಂಗ್ರಹವು ನಿರುಪದ್ರವಿಯಾದ ಹವ್ಯಾಸವೆಂಬ ಮಾತು ಸುಶಿಕ್ಷಿತರ ನಡುವೆ ಪ್ರಶ್ನಾತೀತವಾಗಿಬಿಟ್ಟಿದೆ. ಒಬ್ಬನು ತನ್ನ ದುಡಿಮೆಯ ಹಣದಿಂದ ಚಲನಚಿತ್ರದ ದೈತ್ಯಮೃಗಗಳ ಬೊಂಬೆಗಳನ್ನೋ ವಿಚಿತ್ರಾಕೃತಿಯ ಗೋಲಕಗಳನ್ನೋ ಕೊಂಡು ಕಪಾಟಿನಲ್ಲಿ ಜೋಡಿಸಿಟ್ಟರೆ ಯಾರಿಗೇನು ಹಾನಿ? ಅಲ್ಲಿ ಹಿಂಸೆಯಿಲ್ಲ, ಕಳವಿಲ್ಲ, ಸುಳ್ಳಿಲ್ಲ ಎಂದು ವಾದಿಸುವವರಿದ್ದಾರೆ. ಹಾನಿಯುಂಟು ಎಂಬುದೇ ನನ್ನ ಉತ್ತರ. ಅದು ಮೊದಲು ತಟ್ಟುವುದು ವಸ್ತುವಿನ ಅರ್ಥಕ್ಕೆ. ಬಳಿಕ ಅದರ ಒಡೆಯನಿಗೆ.

ಮೊದಲು ದೈತ್ಯನ ವಿಚಾರ. 1954ರ ಮಾರ್ಚ್ 1ರಂದು ಅಮೆರಿಕವು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಜಲಜನಕ ಬಾಂಬನ್ನು ಸ್ಫೋಟಿಸಿತು. ಅದರ ವಿಷಬೂದಿಯು ಜಪಾನಿನ ಒಂದು ಮೀನುಗಾರಿಕೆಯ ದೋಣಿಯಲ್ಲಿದ್ದ 23 ಮಂದಿಯ ಮೇಲೆ ಸುರಿಯಿತು. ಆ ದೋಣಿಯ ರೇಡಿಯೊ ನಿರ್ವಾಹಕರಾಗಿದ್ದ ಐಕಿಚಿ ಕುಬೊಯಾಮಾ ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನವೆಂಬರಿನಲ್ಲಿ ತೋಹೊ ಸಂಸ್ಥೆಯು ಇಶಿರೊ ಹೋಂಡಾ ಅವರ ನಿರ್ದೇಶನದ 'ಗೊಜಿರಾ' ಚಿತ್ರವನ್ನು ತೆರೆಗೆ ತಂದಿತು. ಹೊರಜಗತ್ತು ಗಾಡ್ಜಿಲ್ಲಾ ಎಂದು ಕರೆಯುವ ಮೃಗವೇ ಅದು. ಬಾಂಬಿನಿಂದ ಎಚ್ಚೆತ್ತು ಕಡಲಿನಿಂದೆದ್ದು ಬರುವ ಆ ಜೀವಿಯ ಒರಟು ಚರ್ಮವು ಹಿರೋಷಿಮಾ, ನಾಗಸಾಕಿಗಳಲ್ಲಿ ಬದುಕುಳಿದವರ ಸುಟ್ಟಕಲೆಗಳನ್ನು ನೆನಪಿಸುವಂಥದು. ಅದೊಂದು ಜನಾಂಗದ ದುಃಖಕ್ಕೆ ದೊರೆತ ಆಕಾರ, ಮನುಕುಲಕ್ಕೆ ನೀಡಿದ ಎಚ್ಚರಿಕೆ.

ಆ ಎಚ್ಚರಿಕೆ ಇಂದು ಎಲ್ಲಿದೆ? 1960ರ ದಶಕದಲ್ಲಿ ಜಪಾನಿನ ಮಾರುಸಾನ್ ಕಂಪೆನಿಯು ಮೆದು ವಿನೈಲಿನಿಂದ ಇಂಥ ಮೃಗಗಳನ್ನು ಅಚ್ಚುಹಾಕಿತು. 1970ರ ದಶಕದ ಕೊನೆಯಲ್ಲಿ ಅಮೆರಿಕದ ಮ್ಯಾಟೆಲ್ ಕಂಪೆನಿಯು ಮುಷ್ಟಿ ಸಿಡಿಯುವ, ನಾಲಗೆ ಚಾಚುವ, ಸುಮಾರು 19 ಅಂಗುಲ ಎತ್ತರದ ಗಾಡ್ಜಿಲ್ಲಾವನ್ನು ಮಾರಿತು. ಮಕ್ಕಳು ಅವುಗಳೊಡನೆ ಆಡಿದುದರಲ್ಲಿ ನನಗೆ ಆಕ್ಷೇಪವಿಲ್ಲ. ಮರದ ತುಂಡುಗಳಿಂದ ಪಟ್ಟಣ ಕಟ್ಟಿ, ದೈತ್ಯನಿಂದ ಅದನ್ನು ಕೆಡವಿಸಿ, ಮತ್ತೆ ಕಟ್ಟುವ ಮಗುವು ನಾಶವೇನು, ನಿರ್ಮಾಣವೇನು ಎಂಬುದನ್ನು ತನ್ನ ರೀತಿಯಲ್ಲಿ ಅರಿಯುತ್ತದೆ. ಆದರೆ ಸಂಗ್ರಾಹಕನ ಲೋಕದಲ್ಲಿ ಮಗುವಿನ ಕೈ ಸೋಕಿದ ಬೊಂಬೆಗೆ ಬೆಲೆ ಕಡಿಮೆ. ಪೆಟ್ಟಿಗೆಯನ್ನೇ ತೆರೆಯದ ಬೊಂಬೆಗೆ ಬೆಲೆ ಹೆಚ್ಚು. ಆಡದ ಆಟಿಕೆಯೇ ಶ್ರೇಷ್ಠವೆನಿಸುವ ಈ ನ್ಯಾಯವನ್ನು ಏನೆಂದು ಕರೆಯೋಣ?

ಗೋಲಕದ ಕಥೆಯೂ ಬೇರೆಯಲ್ಲ. ಅಮೆರಿಕದಲ್ಲಿ ಅಂತರ್ಯುದ್ಧದ ಬಳಿಕ, 1869ರಿಂದ ಮೊದಲ್ಗೊಂಡು, ಕನೆಕ್ಟಿಕಟ್ ರಾಜ್ಯದ ಕ್ರಾಂವೆಲ್‌ನಲ್ಲಿದ್ದ ಜೆ. ಅಂಡ್ ಇ. ಸ್ಟೀವನ್ಸ್ ಕಂಪೆನಿಯು ಎರಕದ ಕಬ್ಬಿಣದ ಯಾಂತ್ರಿಕ ಗೋಲಕಗಳನ್ನು ತಯಾರಿಸಿತು. ಅವುಗಳಲ್ಲೊಂದರಲ್ಲಿ ನಾಣ್ಯವನ್ನು ಕೈಯಲ್ಲಿಟ್ಟೊಡನೆ ಸ್ಥೂಲಕಾಯದ ರಾಜಕಾರಣಿಯು ಅದನ್ನು ಜೇಬಿಗಿಳಿಸಿ ತಲೆದೂಗುತ್ತಾನೆ. ಮಕ್ಕಳಿಗೆ ಮಿತವ್ಯಯ ಕಲಿಸುವುದು ಅವುಗಳ ಉದ್ದೇಶವಾಗಿತ್ತು. ಅದೇ ಸಾಧನಗಳಲ್ಲಿ ಕೆಲವು ಕರಿಯರನ್ನೂ ಚೀನೀಯರನ್ನೂ ಐರಿಷರನ್ನೂ ವಿಕಾರವಾಗಿ ಚಿತ್ರಿಸಿ, ಉಳಿತಾಯದೊಡನೆ ತಿರಸ್ಕಾರವನ್ನೂ ಕಲಿಸಿದವು. ಇಂದು ಅವು ಹರಾಜಿನಲ್ಲಿ ದುಬಾರಿ ಬೆಲೆಗೆ ಹೋಗುತ್ತವೆ. ಮಿತವ್ಯಯ ಬೋಧಿಸಲು ಹುಟ್ಟಿದ ವಸ್ತುವಿಗೆ ಅಮಿತ ವ್ಯಯ!

ನಮ್ಮ ಮನೆಗಳ ಮಣ್ಣಿನ ಗೋಲಕವನ್ನು ಇದರೊಡನೆ ಹೋಲಿಸಿ ನೋಡಿರಿ. ಅದಕ್ಕೆ ಬಾಗಿಲಿಲ್ಲ, ಬೀಗವಿಲ್ಲ. ಶಾಲೆಯ ಶುಲ್ಕಕ್ಕೋ ನೆರೆಯವರ ಕಾಯಿಲೆಗೋ ಹಣ ಬೇಕಾದ ದಿನ ಅದನ್ನು ನೆಲಕ್ಕೆ ಕುಕ್ಕಿ ಒಡೆಯಲೇಬೇಕು. ಕೂಡಿಡುವುದು ಕೊನೆಗೆ ಬಿಟ್ಟುಕೊಡುವುದಕ್ಕಾಗಿಯೇ ಎಂಬ ಪಾಠವನ್ನು ಕುಂಬಾರನು ಅದರ ರಚನೆಯಲ್ಲಿಯೇ ಇರಿಸಿದ್ದಾನೆ. ಒಡೆಯಲು ಮನಸ್ಸು ಬಾರದ ಗೋಲಕವು ಗೋಲಕವೇ ಅಲ್ಲ.

'ಇದು ಹೂಡಿಕೆ' ಎನ್ನುವರು ಕೆಲವರು. ಹಾಗಿದ್ದರೆ ಹವ್ಯಾಸವೆಂಬ ಹೆಸರನ್ನು ಕೈಬಿಟ್ಟು ವ್ಯಾಪಾರವೆಂದು ನೇರವಾಗಿ ಹೇಳಲಿ. ಮೇಲಾಗಿ, ವಿನೈಲನ್ನು ಮೆದುವಾಗಿಡುವ ರಾಸಾಯನಿಕವು ವರ್ಷಗಳು ಕಳೆದಂತೆ ಒಸರಿ ಬೊಂಬೆಯನ್ನು ಅಂಟಾಗಿಸಬಲ್ಲುದು. ಮುಚ್ಚಿದ ಪೆಟ್ಟಿಗೆಯೂ ಅನಿತ್ಯತೆಯನ್ನು ತಡೆಯಲಾರದು.

'ನಾವು ಇತಿಹಾಸವನ್ನು ರಕ್ಷಿಸುತ್ತಿದ್ದೇವೆ' ಎಂಬ ಎರಡನೆಯ ವಾದಕ್ಕೆ ತೂಕವುಂಟು. ಅದನ್ನು ನಾನು ತಳ್ಳಿಹಾಕಲಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಪಿಲ್‌ಗ್ರಿಮ್ ಸ್ವತಃ ಕರಿಯರು. ತಮ್ಮ ಜನರನ್ನು ಹೀಯಾಳಿಸುವ ವಸ್ತುಗಳನ್ನು ಅವರು ವರ್ಷಗಟ್ಟಲೆ ಕೂಡಿಹಾಕಿದರು. 1996ರಲ್ಲಿ ಸುಮಾರು 2,000 ವಸ್ತುಗಳ ಆ ಸಂಗ್ರಹವನ್ನು ಮಿಷಿಗನ್ನಿನ ಫೆರಿಸ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. ಇಂದು ಅಲ್ಲಿನ ಜಿಮ್ ಕ್ರೋ ವಸ್ತುಸಂಗ್ರಹಾಲಯದಲ್ಲಿ ವಿದ್ಯಾರ್ಥಿಗಳು ಆ ದ್ವೇಷದ ಚರಿತ್ರೆಯನ್ನು ಕಣ್ಣಾರೆ ಕಂಡು ಕಲಿಯುತ್ತಾರೆ. ಅವರೂ ಸಂಗ್ರಾಹಕರೇ. ಆದರೆ ಅವರ ಕಪಾಟು ಜಗತ್ತಿನ ಕಡೆಗೆ ತೆರೆದುಕೊಂಡಿತು.

ಆದುದರಿಂದ ಎಣಿಕೆಯ ಮೇಲೆ ನನ್ನ ವಾದ ನಿಂತಿಲ್ಲ. ಪರಿಗ್ರಹದ ಬೇರು ಮಮಕಾರದಲ್ಲಿದೆ. ಅಚ್ಚಿಗೆ ಸುರಿದ ವಿನೈಲಿನ ಹೊರಪದರವಷ್ಟೇ ಗಟ್ಟಿಯಾಗಿ, ಉಳಿದುದು ಹೊರಚೆಲ್ಲಲ್ಪಟ್ಟು ಹುಟ್ಟುವ ಬೊಂಬೆಯ ಒಳಗು ಟೊಳ್ಳು. ಗೋಲಕದ ಒಳಗೂ ಟೊಳ್ಳು. ಒಂದರಲ್ಲಿ ನೆನಪನ್ನೂ ಇನ್ನೊಂದರಲ್ಲಿ ನಾಣ್ಯವನ್ನೂ ತುಂಬಬೇಕಾದವನು ಮನುಷ್ಯ. ಎರಡನ್ನೂ ಬರಿದಾಗಿಯೇ ಇಟ್ಟು ಕಾಯುವವನು ವಸ್ತುವಿನ ಒಡೆಯನಲ್ಲ, ಅದರ ಕಾವಲುಗಾರ. ಕಪಾಟುಳ್ಳ ಪ್ರತಿಯೊಬ್ಬರೂ ಇಂದು ರಾತ್ರಿ ಅದರ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿಕೊಳ್ಳಲಿ: ನೆರೆಮನೆಯ ಮಗು ಬಂದು ಕೈಚಾಚಿದರೆ, ಇದರಲ್ಲಿ ಯಾವುದನ್ನು ನಾನು ಕೊಡಬಲ್ಲೆ? ಒಂದನ್ನೂ ಕೊಡಲಾರೆನೆಂದಾದರೆ, ಬೀಗ ಬಿದ್ದಿರುವುದು ಕಪಾಟಿಗೋ ನಮ್ಮ ಮನಸ್ಸಿಗೋ ಎಂಬುದನ್ನು ಬೇರೆ ಯಾರೂ ಹೇಳಬೇಕಾಗಿಲ್ಲ.