ಅವ್ವ ತಡವಾಗಿ ಬಂದಿದ್ದರೆ

ನಾನು ಕೊಲೆಗಾರ್ತಿ ಆಗಬೇಕಾಗಿತ್ತು. ಆಗಲಿಲ್ಲ. ಆ ನಸುಕಿನಲ್ಲಿ ಹಾಲು ಕರೆಯಲು ಅವ್ವನಿಗೆ ಎಚ್ಚರವಾಯಿತು, ಅಷ್ಟೇ.

ತಮಿಳುನಾಡಿನ ಧರ್ಮಪುರಿ ಜಿಲ್ಲೆ, ಹರೂರಿನ ಹತ್ತಿರದ ನಮ್ಮ ಊರು. ಹೆತ್ತು ಒಂಬತ್ತನೇ ದಿನ. ಮೂರು ರಾತ್ರಿಯಿಂದ ರೆಪ್ಪೆ ಮುಚ್ಚಿರಲಿಲ್ಲ. ಸಾಂಬ್ರಾಣಿ ಹೊಗೆಯೊಳಗೆ ಯಾರೋ ಕೂತು ಒಂದೇ ಸಮ ಹೇಳುತ್ತಿದ್ದರು: ಕೂಸಿನ ಮೈಯೊಳಗೆ ಬೆಂಕಿ ಇದೆ, ನೀರಿಗಿಳಿಸು, ತಣ್ಣಗಾಗುತ್ತದೆ. ನಾನು ಅದನ್ನು ಸಾಯಿಸಲು ಹೋಗಲಿಲ್ಲ. ಉಳಿಸಲು ಹೋದೆ. ತಲೆಗೆ ಕಟ್ಟಿದ ಬಟ್ಟೆ, ಬರಿಗಾಲು, ಹಾಲು ಸೋರಿ ಎದೆಗೆ ಅಂಟಿಕೊಂಡ ರವಿಕೆ. ಬಾವಿಕಟ್ಟೆಯ ಕಲ್ಲು ಮೊಣಕಾಲಿಗೆ ತಗುಲಿತು. ಅವ್ವ ಹಿಂದಿನಿಂದ ಓಡಿಬಂದು ಜಡೆ ಹಿಡಿದೆಳೆದಳು. "ಕೊಡೇ, ಕೂಸು ಇಲ್ಲಿ ಕೊಡೇ!" ಆ ಕೂಗು ಇವತ್ತಿಗೂ ಕಿವಿ ಬಿಟ್ಟಿಲ್ಲ.

ಆಮೇಲೆ ಆದದ್ದನ್ನೂ ಹೇಳುತ್ತೇನೆ. ಗಾಳಿ ಸೋಕಿದೆ ಅಂದರು. ಬೇವಿನ ಸೊಪ್ಪಿನಲ್ಲಿ ಬಡಿದರು. ಆಸ್ಪತ್ರೆಯಲ್ಲಿ ಹೊಲಿಗೆ ನೋಡಿದರು, ಕೂಸಿನ ತೂಕ ನೋಡಿದರು. ನಿದ್ದೆ ಮಾಡಿದೆಯಾ ಎಂದು ಒಬ್ಬರೂ ಕೇಳಲಿಲ್ಲ. ಗಂಡನ ಮನೆಯವರು ಬಾಗಿಲಲ್ಲೇ ನಿಂತು, "ಹೆಣ್ಣು ಹುಟ್ಟಿತಲ್ಲ, ಅದಕ್ಕೇ ಈ ನಾಟಕ" ಅಂದರು.

ಆ ಮಾತಿನ ಬೇರು ಎಲ್ಲಿದೆ ನನಗೆ ಗೊತ್ತು. ಸೇಲಂ, ಧರ್ಮಪುರಿ ಅಂದರೆ ಎಕ್ಕದ ಹಾಲು ಹಾಕಿ ಹೆಣ್ಣುಕೂಸು ಕೊಲ್ಲುವ ಸೀಮೆ ಎಂದು ಹೆಸರಾಗಿತ್ತು. ಸುಳ್ಳಲ್ಲ. 1992ರಲ್ಲಿ ಜಯಲಲಿತಾ ಸರ್ಕಾರ, ಕೊಲ್ಲುವ ಬದಲು ಕೂಸನ್ನು ತೊಟ್ಟಿಲಲ್ಲಿ ಬಿಟ್ಟುಹೋಗಿ ಎನ್ನುವ ತೊಟ್ಟಿಲು ಕೂಸು ಯೋಜನೆಯನ್ನು ಸೇಲಂನಿಂದಲೇ ಶುರು ಮಾಡಬೇಕಾಯಿತು. ಆದರೆ ವರದಕ್ಷಿಣೆ ಲೆಕ್ಕ ಹಾಕಿ ಕೂಸು ಕೊಲ್ಲಿಸುವ ಮನೆ ಬೇರೆ, ಸನ್ನಿ ಹಿಡಿದ ಬಾಣಂತಿ ಬೇರೆ. ಅವ್ವ ತಡವಾಗಿ ಬಂದಿದ್ದರೆ ಈ ವ್ಯತ್ಯಾಸವನ್ನು ಯಾರು ಕೇಳುತ್ತಿದ್ದರು? ನನ್ನ ಕಥೆಯನ್ನು ಮೊದಲೇ ಬರೆದಿಟ್ಟಾಗಿತ್ತು. ಹೆಸರೊಂದು ತುಂಬಿದರೆ ಸಾಕಿತ್ತು.

ಬಾಣಂತಿ ಸನ್ನಿ ಹೊಸ ರೋಗವಲ್ಲ. ಸಾವಿರ ಹೆರಿಗೆಗೆ ಒಬ್ಬಿಬ್ಬರಿಗೆ ಬರುತ್ತದೆ, ಹೆಚ್ಚಾಗಿ ಮೊದಲ ಎರಡು ವಾರದೊಳಗೆ. ಔಷಧಿಗೆ ಬಗ್ಗುತ್ತದೆ. ಒಂದು ಗಳಿಗೆ ತಿಳಿ, ಮರುಗಳಿಗೆ ಕತ್ತಲೆ. ಕಾನೂನು ಬಾಣಂತಿಯ ಕೈ ಬಿಡುವುದು ಇಲ್ಲೇ. ಬುದ್ಧಿ ಕೆಟ್ಟವರಿಗೆ ವಿನಾಯಿತಿ ಕೊಡುವ, 1860ರ ದಂಡಸಂಹಿತೆಯ 84ನೇ ಕಲಂ 2024ರ ಜುಲೈಯಲ್ಲಿ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ಆಯಿತು. ನಂಬರು ಬದಲಾಯಿತು, ಪ್ರಶ್ನೆ ಅದೇ: ತಾನೇನು ಮಾಡುತ್ತಿದ್ದೇನೆ, ಅದು ತಪ್ಪು ಎಂಬುದು ಆ ಗಳಿಗೆಯಲ್ಲಿ ಅವಳಿಗೆ ತಿಳಿದಿತ್ತೇ? ತಿಳಿದಿರಲಿಲ್ಲ ಎಂದು ತೋರಿಸುವ ಭಾರವೂ ಅವಳದೇ. ಯಾರನ್ನು ಸಾಕ್ಷಿ ಕರೆಯಬೇಕು ಅವಳು? ಬೇವಿನ ಸೊಪ್ಪು ಹಿಡಿದ ಪೂಜಾರಿಯನ್ನೇ? ಡಾಕ್ಟರ ಚೀಟಿ ಎಲ್ಲಿಂದ ತರಬೇಕು, ಡಾಕ್ಟರ ಹತ್ತಿರ ಕರೆದೊಯ್ದವರೇ ಇಲ್ಲದಾಗ? ಮನೋವೈದ್ಯರ ಮುಂದೆ ನಿಲ್ಲಿಸುವ ಹೊತ್ತಿಗೆ ವಾರಗಳು ಕಳೆದು ಸನ್ನಿ ಎಷ್ಟೋ ಸಲ ಇಳಿದಿರುತ್ತದೆ. ಅಲ್ಲಿ ನಿಂತವಳು ಬುದ್ಧಿ ಮರಳಿದ, ಕೂಸು ಮರಳದ ಹೆಂಗಸು.

"ಚೆನ್ನಾಗಿಯೇ ಇದ್ದಾಳಲ್ಲ" ಅನ್ನುತ್ತಾರೆ.

ಹೆತ್ತ ಕೂಸಿಗೆ ವರ್ಷ ತುಂಬುವ ಮೊದಲು, ಹೆರಿಗೆಯಿಂದ ಸ್ಥಿಮಿತ ತಪ್ಪಿದ ತಾಯಿ ಅದನ್ನು ಕೊಂದರೆ ಆ ಕೃತ್ಯವನ್ನು ಕೊಲೆಯೆಂದು ಎಣಿಸಬಾರದು ಎಂದು ಇಂಗ್ಲೆಂಡ್ 1938ರಲ್ಲೇ ಕಾನೂನು ಮಾಡಿತು. ಆಗ ನಮ್ಮನ್ನು ಆಳುತ್ತಿದ್ದವರೂ ಅವರೇ. ತಮ್ಮ ಹೆಂಗಸರಿಗೆ ಕೊಟ್ಟದ್ದನ್ನು ನಮ್ಮವರಿಗೆ ಕೊಡಲಿಲ್ಲ. ಅವರು ಹೋಗಿ 75 ವರ್ಷ ದಾಟಿದ ಮೇಲೆ ನಾವೇ ಹೊಸ ಸಂಹಿತೆ ಬರೆದುಕೊಂಡೆವು. ಅದರಲ್ಲೂ ಈ ಬಾಣಂತಿಗೆಂದು ಒಂದು ಸಾಲಿಲ್ಲ.

ಹೊಣೆಯ ಪಾಠವನ್ನು ಹರೂರಿನವಳಿಗೆ ಹೇಳಬೇಡಿ. ನಮ್ಮ ಪಕ್ಕದ ವಾಚಾತಿ ಹಳ್ಳಿಗೆ 1992ರ ಜೂನ್ 20ರಂದು ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ನುಗ್ಗಿದರು. 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು. ಮಾಡಿದವರ ಬುದ್ಧಿ ನೆಟ್ಟಗಿತ್ತು. ಬದುಕಿದ್ದ 215 ಆರೋಪಿಗಳೂ ತಪ್ಪಿತಸ್ಥರು ಎಂದು ಧರ್ಮಪುರಿ ನ್ಯಾಯಾಲಯ ಹೇಳಲು 2011ರ ಸೆಪ್ಟೆಂಬರ್ ಬರಬೇಕಾಯಿತು. ಅಷ್ಟರಲ್ಲಿ 54 ಆರೋಪಿಗಳು ಸತ್ತೇ ಹೋಗಿದ್ದರು. ಮದ್ರಾಸ್ ಹೈಕೋರ್ಟ್ ಆ ತೀರ್ಪನ್ನು ಎತ್ತಿಹಿಡಿದದ್ದು 2023ರಲ್ಲಿ. ಬುದ್ಧಿ ನೆಟ್ಟಗಿದ್ದ ಸರ್ಕಾರಿ ಗಂಡಸರಿಗೆ 19 ವರ್ಷ ಪುರುಸೊತ್ತು. ಬುದ್ಧಿ ಕೆಟ್ಟ ಬಾಣಂತಿಗೆ ಒಂದು ಹಗಲೂ ಇಲ್ಲ.

ಅವ್ವ ಕಿವಿಯ ಓಲೆ ಅಡವಿಟ್ಟು ನನ್ನನ್ನು ಬೆಂಗಳೂರಿನ ಬಸ್ಸು ಹತ್ತಿಸಿದಳು. ಮಾತ್ರೆ ಶುರುವಾದ ಮೂರನೇ ವಾರ ಕೂಸಿನ ಮುಖ ನನಗೆ ನೆಟ್ಟಗೆ ಕಂಡಿತು. ತಾಯಿ, ಕೂಸು ಇಬ್ಬರನ್ನೂ ಅಗಲಿಸದೆ ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡು ಅಲ್ಲಿನ ಮನೋರೋಗ ಆಸ್ಪತ್ರೆ ನಿಮ್ಹಾನ್ಸ್‌ನಲ್ಲಿದೆ. ಅಲ್ಲಿಗೆ ತಲುಪುವವರು ಎಷ್ಟು ಮಂದಿ? ಅವ್ವನಿಗೆ ಎಚ್ಚರವಾಗದ ಮನೆಗಳ ಹೆಂಗಸರು ಎಲ್ಲಿದ್ದಾರೆ? ಅವರನ್ನು ಕಟಕಟೆಗೆ ಹತ್ತಿಸುವ ಮೊದಲು, ಆ ಒಂಬತ್ತು ದಿನ ಅವರ ಸುತ್ತ ಉಂಡು ಮಲಗಿದವರನ್ನೆಲ್ಲ ಕರೆದು ಕೇಳಿ: ನೀವೇನು ನೋಡಿದಿರಿ?

ನನ್ನ ಮಗಳು ಈಗ ಎಂಟನೇ ಕ್ಲಾಸು. ನಿಮ್ಮ ಮನೆಯಲ್ಲಿ ಹಸಿಬಾಣಂತಿ ಇದ್ದರೆ ಈ ರಾತ್ರಿಯೇ ಅವಳ ಕೋಣೆಗೆ ಹೋಗಿ. ಪಕ್ಕದಲ್ಲಿ ಕೂತು ಕೇಳಿ: ನಿದ್ದೆ ಬಂತೇನವ್ವ? ಯಾರಾದರೂ ಮಾತಾಡಿದ ಹಾಗೆ ಕೇಳಿಸುತ್ತಾ?